ಹಳೇ ಡ್ರೈವ್, ಹೊಸ ಕಂಪ್ಯೂಟರ್: ಬಿಚ್ಚಿ ಹಾಕಬೇಕೋ, ಕಾಪಿ ಮಾಡಬೇಕೋ, ಕ್ಲೋನ್ ಮಾಡಬೇಕೋ?

ಹೊಸ ಕಂಪ್ಯೂಟರ್ ಬಂತು. ಹಳೆಯದು ಪಕ್ಕದಲ್ಲೇ ಇದೆ. ಹತ್ತು ವರ್ಷದ ಫೋಟೊ, ಲೆಕ್ಕಪತ್ರ, ಅರ್ಧಕ್ಕೆ ಬಿಟ್ಟ ಬರಹ ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಸ್ಕ್ರೂಡ್ರೈವರ್ ತಗೊಂಡು ಡ್ರೈವ್ ಬಿಚ್ಚಿ ಹೊಸದಕ್ಕೆ ಹಾಕಿಬಿಟ್ಟರೆ ಕೆಲಸ ಮುಗೀತು, ಅಲ್ವಾ? ಎಷ್ಟೋ ಸಲ ಹಾಗೇ ಮುಗಿಯುತ್ತದೆ. ಮುಗಿಯದೇ ಹೋದ ದಿನ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ದಾರಿಗಳು ಐದಿವೆ. ಹಳೇ ಕಂಪ್ಯೂಟರ್ ಓಡುತ್ತಿರುವಾಗಲೇ ಫೈಲುಗಳನ್ನು ಕಾಪಿ ಮಾಡಿಕೊಳ್ಳುವುದು, ಡ್ರೈವ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸುವುದು, ಹೊಸದರ ಒಳಗೇ ಎರಡನೇ ಡ್ರೈವ್ ಆಗಿ ಕೂರಿಸುವುದು, ಕ್ಲೋನ್ ಮಾಡುವುದು (ಇಡೀ ಡ್ರೈವನ್ನು ಇದ್ದ ಹಾಗೇ ಇನ್ನೊಂದು ಡ್ರೈವ್‌ಗೆ ನಕಲಿಸುವುದು), ಇಲ್ಲವೇ ಹಳೇ ಡ್ರೈವ್‌ನಿಂದಲೇ ಹೊಸ ಕಂಪ್ಯೂಟರನ್ನು ಬೂಟ್ ಮಾಡುವುದು, ಅಂದರೆ ಅದರಲ್ಲಿರುವ ವಿಂಡೋಸ್‌ನಿಂದಲೋ ಲಿನಕ್ಸ್‌ನಿಂದಲೋ ಎಬ್ಬಿಸುವುದು. ಇವುಗಳಲ್ಲಿ ಯಾವುದು ಬೇಗ, ಯಾವುದು ಸುಲಭ ಅಂತ ಹೋಲಿಸುವವರೇ ಜಾಸ್ತಿ. ನನ್ನ ಅಳತೆ ಬೇರೆ. ಕೆಲಸ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ, ಅಥವಾ ನಾನೇ ತಪ್ಪು ಬಟನ್ ಒತ್ತಿದರೆ, ಹಳೇ ಡ್ರೈವ್ ಇದ್ದ ಹಾಗೇ ಉಳಿಯುತ್ತದಾ? ಉಳಿಯುವ ದಾರಿ ನಿಧಾನವಾದರೂ ನನಗೆ ಅದೇ ಮೇಲು.

ಹಳೆಯದು ಇನ್ನೂ ಆನ್ ಆಗುತ್ತದಾ?

ಹಾಗಿದ್ದರೆ ಬಿಚ್ಚಬೇಡಿ. ಸ್ಕ್ರೂಡ್ರೈವರ್ ಹಿಡಿದು ಕೂತವರಿಗೆ ಇದು ಸಪ್ಪೆ ಮಾತು, ಗೊತ್ತು. ಆದರೆ ಹಳೇ ಡ್ರೈವ್‌ನ ಬೀಗಕ್ಕೆ ಸರಿಯಾದ ಕೀಲಿಕೈ ಹಳೇ ಕಂಪ್ಯೂಟರೇ.

ಇದು ಬರೀ ಮಾತಿನ ಚಮತ್ಕಾರವಲ್ಲ. ಈಗಿನ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಬಾರದ ಹಾಗೆ ಬೀಗ ಬಿದ್ದಿರುತ್ತದೆ. ನೀವು ಯಾವತ್ತೂ ಆನ್ ಮಾಡಿರುವುದಿಲ್ಲ, ಅದೇ ಆಗಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಸಾಮಾನ್ಯವಾಗಿ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನ ಬೀಗದ ತಂತ್ರ ಸದ್ದಿಲ್ಲದೆ ಕೆಲಸ ಶುರು ಮಾಡಿರುತ್ತದೆ. ಬೀಗ ತೆಗೆಯುವ ಕೀಲಿಯನ್ನು ಮದರ್‌ಬೋರ್ಡಿನ ಟಿಪಿಎಂ ಅನ್ನುವ ಚಿಪ್ ಕಾಯುತ್ತದೆ. ಯಂತ್ರ ಅದೇ ಇರುವವರೆಗೆ ಬೀಗ ಇದೆ ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲ. ಡ್ರೈವ್ ಬೇರೆ ಯಂತ್ರಕ್ಕೆ ಹೋದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಫೈಲುಗಳೆಲ್ಲ ಅಲ್ಲೇ ಇರುತ್ತವೆ, ಆದರೆ ಓದಲು ಬರುವುದಿಲ್ಲ. ಯಾವ ರಿಪೇರಿಯವರ ಹತ್ತಿರವೂ ಇದಕ್ಕೆ ಮದ್ದಿಲ್ಲ.

ಹಳೇ ಕಂಪ್ಯೂಟರ್ ಓಡುತ್ತಿದ್ದರೆ ಇದ್ಯಾವ ತಲೆನೋವೂ ಇಲ್ಲ. ಬೀಗವನ್ನು ಅದೇ ತೆಗೆದು ಕೊಡುತ್ತದೆ. ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೋ ನೆಟ್‌ವರ್ಕ್ ಮೂಲಕ ನೇರ ಹೊಸದಕ್ಕೋ ಕಳಿಸಿದರೆ ಸಾಕು. ಒಂದು ಸ್ಕ್ರೂ ಕೂಡ ಮುಟ್ಟಬೇಕಾಗಿಲ್ಲ.

ಇನ್ನೊಂದು ಲಾಭವೂ ಇದೆ. ಒನ್‌ಡ್ರೈವ್ ಥರದ ಕ್ಲೌಡ್ ಸೇವೆ ಬಳಸುತ್ತಿದ್ದರೆ, ಫೋಲ್ಡರಿನಲ್ಲಿ ಕಾಣುವ ಫೈಲುಗಳೆಲ್ಲ ಡ್ರೈವ್‌ನಲ್ಲಿ ಇರಬೇಕೆಂದೇನಿಲ್ಲ. ಜಾಗ ಉಳಿಸಲು ಎಷ್ಟೋ ಫೈಲುಗಳ ಹೆಸರು ಮಾತ್ರ ಇಲ್ಲಿರುತ್ತದೆ, ತಿರುಳು ಆನ್‌ಲೈನ್‌ನಲ್ಲಿರುತ್ತದೆ. ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಸೈಜ್ 3 ಎಂಬಿ, ಸೈಜ್ ಆನ್ ಡಿಸ್ಕ್ ಸೊನ್ನೆ ಅಂತಿದ್ದರೆ ಅದು ಬರೀ ಹೆಸರು. ಅಂಥ ಡ್ರೈವ್ ಬಿಚ್ಚಿಕೊಂಡು ಹೋಗಿ ಬೇರೆ ಕಡೆ ಹಾಕಿದರೆ ಆ ಫೈಲ್ ತೆರೆಯುವುದಿಲ್ಲ. ಹಳೇ ಯಂತ್ರದಲ್ಲೇ ಇದ್ದು, ಆ ಫೋಲ್ಡರನ್ನು 'ಯಾವಾಗಲೂ ಈ ಸಾಧನದಲ್ಲಿ ಇಡು' ಅಂತ ಗುರುತು ಮಾಡಿದರೆ ಎಲ್ಲ ಇಳಿದು ಬರುತ್ತವೆ. ಅಥವಾ ಹೊಸದರಲ್ಲಿ ಅದೇ ಖಾತೆಗೆ ಲಾಗಿನ್ ಆದರೂ ಆಯ್ತು.

ಹೊತ್ತು ಎಷ್ಟು ಹಿಡಿಯುತ್ತದೆ? 500 ಜಿಬಿ ಇದೆ ಅಂದುಕೊಳ್ಳಿ. ಹಳೇ ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಸಾಗುತ್ತದೆ, ಅಂದರೆ ನಾಲ್ಕು ಗಂಟೆ. ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3 ಪೋರ್ಟ್ ಇದ್ದರೆ ತಡ ಆಗುವುದು ಪೋರ್ಟಿನಿಂದಲ್ಲ, ತಿರುಗುವ ಹಾರ್ಡ್‌ಡಿಸ್ಕಿನಿಂದ. ಆಗ ಒಂದೂವರೆ ಗಂಟೆಯ ಆಸುಪಾಸು. ಎರಡೂ ಯಂತ್ರಗಳು ಗಿಗಾಬಿಟ್ ಕೇಬಲ್‌ನಲ್ಲಿದ್ದರೂ ಹೆಚ್ಚುಕಮ್ಮಿ ಅಷ್ಟೇ. ವೈಫೈ ಬೇಡ ಅಂತ ನಾನು ಹೇಳುವುದಿಲ್ಲ, ರಾತ್ರಿ ಹಚ್ಚಿಟ್ಟು ಮಲಗಿ. ಸಾವಿರಾರು ಚಿಕ್ಕ ಚಿಕ್ಕ ಫೈಲುಗಳಿದ್ದರೆ ಈ ಲೆಕ್ಕಗಳೆಲ್ಲ ಕೆಡುತ್ತವೆ, ಜಾಸ್ತಿ ಹೊತ್ತು ಬೇಕು. ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಉದ್ದದ ವಿಡಿಯೊಗಳು ಅಲ್ಲೇ ತಡೆದು ನಿಲ್ಲುತ್ತವೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ.

ಕಾಪಿ ಮಾಡುವಾಗ ಕಟ್ ಬೇಡ, ಕಾಪಿಯೇ ಇರಲಿ. ಕಟ್ ಮಾಡಿದರೆ ನನ್ನ ಅಳತೆಯೇ ಮುರಿಯುತ್ತದೆ: ನಡುವೆ ಏನಾದರೂ ಆದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ದೊಡ್ಡ ರಾಶಿ ಇದ್ದರೆ ವಿಂಡೋಸ್ ಜೊತೆಗೇ ಬರುವ, ಕಾಪಿ ಮಾಡುವ ಕಮಾಂಡ್ ರೋಬೊಕಾಪಿ ಒಳ್ಳೆಯದು. ಸರಿಯಾಗಿ ಹೇಳಿಟ್ಟರೆ, ಒಂದು ಫೈಲ್ ಕೈಕೊಟ್ಟರೂ ಅದನ್ನು ಬರೆದಿಟ್ಟುಕೊಂಡು ಮುಂದೆ ಹೋಗುತ್ತದೆ. ಆದರೆ ಅದರಲ್ಲಿ ಮಿರರ್ ಅಂತ ಒಂದು ಆಯ್ಕೆ ಇದೆ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸಿಹಾಕುತ್ತದೆ. ಹೊಸ ಕಂಪ್ಯೂಟರಿನಲ್ಲಿ ಆಗಲೇ ಎರಡು ದಿನ ಕೆಲಸ ಮಾಡಿ ಫೈಲು ಇಟ್ಟಿದ್ದರೆ ಅವು ಹೋದವು. ಆ ಆಯ್ಕೆಯ ಹತ್ತಿರ ಹೋಗಬೇಡಿ. ವಿಫಲವಾದಾಗ ಮತ್ತೆ ಪ್ರಯತ್ನಿಸುವ ಸಂಖ್ಯೆಯನ್ನೂ ಒಂದಕ್ಕೆ ಇಳಿಸಿ. ಮೊದಲೇ ಇರುವುದು 10 ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುವ ಲೆಕ್ಕ. ಕೆಟ್ಟ ಫೈಲ್ ಒಂದೇ ಇದ್ದರೂ ಅಲ್ಲೇ ಧ್ಯಾನಕ್ಕೆ ಕೂರುತ್ತದೆ.

ಬಿಚ್ಚಲೇಬೇಕು ಅನ್ನುವವರು ಮೊದಲು ನೋಡಬೇಕಾದ್ದು

ಮೊದಲನೆಯದು ರಿಕವರಿ ಕೀ. ಬಿಟ್‌ಲಾಕರ್ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇದ್ದರೆ ಆ 48 ಅಂಕಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗಬಹುದು. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರನ್ನೇ ಕೇಳಬೇಕು. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಡ್ರೈವ್‌ನೊಳಗೆ ಸೇವ್ ಮಾಡಿದರೆ ಮನೆಯ ಬೀಗದ ಕೈ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಸಮಯ ಇದ್ದರೆ ಎನ್‌ಕ್ರಿಪ್ಷನ್ ಪೂರ್ತಿ ತೆಗೆದು ಆಮೇಲೆ ಬಿಚ್ಚುವುದು ಇನ್ನೂ ನಿಶ್ಚಿಂತೆ.

ಎರಡನೆಯದು ಶಟ್‌ಡೌನ್. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಆರುವುದಿಲ್ಲ. ಸಿಸ್ಟಂನ ಒಂದು ಭಾಗವನ್ನು ಡಿಸ್ಕಿಗೆ ಬರೆದು ಅರೆನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಡ್ರೈವ್ ತೆಗೆದು ಬೇರೆ ಯಂತ್ರದಲ್ಲಿ ಬರೆದು, ಮತ್ತೆ ಹಳೆಯದಕ್ಕೆ ಹಾಕಿದರೆ ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆ, ಕೆಡಬಹುದು. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆರುತ್ತದೆ. ಇಷ್ಟೇ ಕೆಲಸ, ಆದರೆ ಮಾಡುವವರು ಕಮ್ಮಿ.

ಮೂರನೆಯದು ಡ್ರೈವ್‌ನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಥರದ ಉಚಿತ ತಂತ್ರಾಂಶ ಸ್ಮಾರ್ಟ್ ವರದಿ, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಂಡ ವರದಿ, ತೋರಿಸುತ್ತದೆ. ಹಾರ್ಡ್‌ಡಿಸ್ಕ್ ಆದರೆ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ), ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲು ಬಾರದ ಜಾಗ) ಇವೆರಡು ಸೊನ್ನೆ ಇವೆಯಾ ನೋಡಿ. ಸೊನ್ನೆ ಇಲ್ಲದೆ ದಿನದಿನಕ್ಕೆ ಏರುತ್ತಿದ್ದರೆ ಈ ಬರಹದ ಉಳಿದ ಆಯ್ಕೆಗಳನ್ನೆಲ್ಲ ಬಿಡಿ, ಮೊದಲು ಮುಖ್ಯ ಫೈಲುಗಳನ್ನು ಹೊರಗೆ ತೆಗೆಯಿರಿ. ಟಕ್ ಟಕ್ ಸದ್ದು ಬರುತ್ತಿದ್ದರೆ ಕರೆಂಟೇ ತೆಗೆದುಬಿಡಿ. ಡೇಟಾ ರಿಕವರಿ ಮಾಡುವವರ ಕೆಲಸ ಅದು.

ಇನ್ನು ಆಕಾರ. 2.5 ಇಂಚು, 3.5 ಇಂಚಿನ ಸಾಟಾ ಡ್ರೈವ್‌ಗಳ ಕನೆಕ್ಟರ್ ಒಂದೇ. ಗೊಂದಲ ಇರುವುದು ಎಂ.2 ಕಡ್ಡಿಗಳಲ್ಲಿ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಅಷ್ಟೇ. ಅದು ಸಾಟಾನೋ ಎನ್‌ವಿಎಂಇನೋ (ಡ್ರೈವ್ ಕಂಪ್ಯೂಟರಿನ ಜೊತೆ ಮಾತಾಡುವ ಎರಡು ಬೇರೆ ರೀತಿಗಳು) ಅನ್ನುವುದು ಆ ಸಂಖ್ಯೆಯಿಂದ ಗೊತ್ತಾಗುವುದಿಲ್ಲ. ಎರಡೂ ನೋಡಲು ಒಂದೇ ಥರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೇ ಹೋಗಬಹುದು. ಡ್ರೈವ್‌ನ ಲೇಬಲ್ ಓದಿ, ಹೊಸ ಕಂಪ್ಯೂಟರಿನ ಕೈಪಿಡಿ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಂತೂ ಸ್ಟೋರೇಜನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಬಿಚ್ಚುವ ಮಾತೇ ಇಲ್ಲ.

ಮ್ಯಾಕ್ ಇದ್ದವರಿಗೆ ಇಲ್ಲೇ ಒಂದು ಮಾತು. ಆಪಲ್‌ನ ಭದ್ರತಾ ಚಿಪ್ ಟಿ2 ಇರುವ ಮ್ಯಾಕ್‌ಗಳಲ್ಲೂ 2020ರ ಕೊನೆಯಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲೂ ಸ್ಟೋರೇಜಿನ ಎನ್‌ಕ್ರಿಪ್ಷನ್ ಆ ಚಿಪ್ಪಿಗೇ ಅಂಟಿಕೊಂಡಿದೆ. ತೆಗೆದು ಬೇರೆಡೆ ಹಾಕಿ ಓದುವುದು ಸಾಧ್ಯವಿಲ್ಲ. ಮೈಗ್ರೇಷನ್ ಅಸಿಸ್ಟೆಂಟ್ ಅಥವಾ ಟೈಂ ಮಷೀನ್ ಬ್ಯಾಕಪ್ ಬಳಸಿ.

ಯುಎಸ್‌ಬಿ ಅಡಾಪ್ಟರ್: ಹಳೆಯದು ಸತ್ತಿದ್ದರೆ ಇದೇ

ಕಂಪ್ಯೂಟರ್ ಆನ್ ಆಗುತ್ತಿಲ್ಲ, ಡ್ರೈವ್ ಮಾತ್ರ ಚೆನ್ನಾಗಿದೆ ಅನ್ನುವಾಗ ನನ್ನ ಮೊದಲ ಆಯ್ಕೆ ಇದು. ಹೊಸ ಕಂಪ್ಯೂಟರನ್ನು ಬಿಚ್ಚಬೇಕಿಲ್ಲ, ಅದರ ವಾರಂಟಿಯ ಚಿಂತೆ ಇಲ್ಲ. ಕೆಲಸ ಮುಗಿದ ಮೇಲೆ ಆ ಡ್ರೈವೇ ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಆಗುತ್ತದೆ.

ಕೊಳ್ಳುವಾಗ ಎರಡು ನೋಡಿ. 3.5 ಇಂಚಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು. ಮಾಮೂಲಿ ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್. ಹಾಗಾಗಿ ಬೇರೆ ಪವರ್ ಅಡಾಪ್ಟರ್ ಜೊತೆಗೆ ಬರುವುದನ್ನೇ ತಗೊಳ್ಳಿ. ಎಂ.2 ಎನ್‌ವಿಎಂಇ ಡ್ರೈವ್‌ಗೆ ಸಾಟಾ ಅಡಾಪ್ಟರ್ ಆಗುವುದಿಲ್ಲ, ಅದಕ್ಕೆ ಬೇರೆಯೇ ಡಬ್ಬಿ ಇದೆ.

ಜೋಡಿಸಿದ ಮೇಲೆ ತೆರೆಯ ಮೇಲೆ ಬರುವ ಮಾತುಗಳನ್ನು ನಿಧಾನವಾಗಿ ಓದಿ. 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತಲೋ 'ಇನಿಶಿಯಲೈಸ್ ಮಾಡಿ' ಅಂತಲೋ ವಿಂಡೋಸ್ ಕೇಳಬಹುದು. ಎರಡಕ್ಕೂ ಕ್ಯಾನ್ಸಲ್. ಅದು ಸಲಹೆಯ ಧಾಟಿಯಲ್ಲಿ ಕೇಳುತ್ತದೆ, ಜನ ಸುಮ್ನೆ ಓಕೆ ಒತ್ತಿಬಿಡುತ್ತಾರೆ. ಲಿನಕ್ಸ್ ಅಥವಾ ಮ್ಯಾಕ್‌ನ ಫೈಲ್ ಸಿಸ್ಟಂ ವಿಂಡೋಸ್‌ಗೆ ಓದಲು ಬಾರದಿದ್ದರೂ ಇದೇ ಮಾತು ಬರಬಹುದು. ಡಿಸ್ಕ್ ಕೆಟ್ಟಿದೆ ಅಂತಲ್ಲ, ಭಾಷೆ ಬೇರೆ ಅಂತ. ಏನೂ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಪಾರ್ಟಿಷನ್ (ಡಿಸ್ಕಿನ ವಿಭಾಗ) ಇದ್ದು ಡಿ, ಇ ಥರದ ಡ್ರೈವ್ ಅಕ್ಷರ ಮಾತ್ರ ಇಲ್ಲ ಅಂದರೆ ಅಕ್ಷರ ಕೊಟ್ಟರೆ ಸಾಕು. 'ಫಾರಿನ್' ಅಂತ ಬಂದರೆ ಅದು ಡೈನಾಮಿಕ್ ಡಿಸ್ಕ್, ಅಂದರೆ ಬೇರೆ ಕಂಪ್ಯೂಟರಿನ ವಿಂಡೋಸ್ ತನ್ನದೇ ರೀತಿಯಲ್ಲಿ ಭಾಗ ಮಾಡಿಟ್ಟದ್ದು. ಇಂಪೋರ್ಟ್ ಆಯ್ಕೆ ಬಳಸಿ, ಬೇಸಿಕ್‌ಗೆ ಬದಲಿಸುವ ಆಯ್ಕೆ ಬೇಡ. ಅದರಿಂದ ಇರುವುದೆಲ್ಲ ಹೋಗುತ್ತದೆ.

ಆಮೇಲೆ ಬರುವುದು 'ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ'. ನನ್ನ ಫೋಟೊ ನೋಡಲು ನನಗೇ ಅನುಮತಿ ಇಲ್ವಾ ಅಂತ ಸಿಟ್ಟು ಬರುವ ಜಾಗ ಇದು. ಹೊಸ ಕಂಪ್ಯೂಟರಿನ 'ನೀವು' ವಿಂಡೋಸ್ ಲೆಕ್ಕದಲ್ಲಿ ಹಳೆಯದರ 'ನೀವು' ಅಲ್ಲ, ಹೆಸರು ಒಂದೇ ಇದ್ದರೂ. ಕಂಟಿನ್ಯೂ ಒತ್ತಿದರೆ ಬಾಗಿಲು ತೆರೆಯುತ್ತದೆ. ಆದರೆ ಹಳೇ ಡ್ರೈವ್‌ನಲ್ಲಿರುವ ಅನುಮತಿಗಳನ್ನೇ ಅದು ತಿದ್ದಿ ಬರೆಯುತ್ತದೆ. ಬರೀ ಫೈಲು ಬೇಕಿದ್ದರೆ ಪರವಾಗಿಲ್ಲ. ಆ ಡ್ರೈವನ್ನು ಮತ್ತೆ ಹಳೇ ಯಂತ್ರಕ್ಕೆ ಹಾಕಿ ಬೂಟ್ ಮಾಡುವ ಯೋಚನೆ ಇದ್ದರೆ, ಅಡ್ಮಿನ್ ಆಗಿ ರೋಬೊಕಾಪಿಯ ಬ್ಯಾಕಪ್ ಮೋಡ್ ಬಳಸಿ. ಅದು ಏನನ್ನೂ ತಿದ್ದದೆ ಓದಿಕೊಳ್ಳುತ್ತದೆ.

ಒಂದು ಎಚ್ಚರಿಕೆ, ಉಲ್ಟಾ ದಿಕ್ಕಿನದು. ಅಂಗಡಿಯಿಂದ ಎಕ್ಸ್‌ಟರ್ನಲ್ ಆಗಿಯೇ ಬಂದ ಡಿಸ್ಕನ್ನು ಡಬ್ಬಿಯಿಂದ ಬಿಚ್ಚಿ ಕಂಪ್ಯೂಟರಿನೊಳಗೆ ಹಾಕುವ ಆಸೆ ಬೇಡ. ಕೆಲವು ಡಬ್ಬಿಗಳ ಸರ್ಕಿಟ್ಟೇ ಎನ್‌ಕ್ರಿಪ್ಷನ್ ಮಾಡುತ್ತದೆ. ಡಬ್ಬಿ ಬಿಟ್ಟ ಡಿಸ್ಕ್ ಓದಲಾಗದ ಗೊಬ್ಬರ.

ಒಳಗೇ ಎರಡನೇ ಡ್ರೈವ್ ಆಗಿ

ಡೆಸ್ಕ್‌ಟಾಪ್ ಇದ್ದು, ಖಾಲಿ ಜಾಗ ಮತ್ತು ಖಾಲಿ ಸಾಟಾ ಕೇಬಲ್ ಇದ್ದರೆ ಇದು ಚಂದ. ಕೆಲವು ಟಿಬಿಗಳಷ್ಟು ಡೇಟಾ ಇರುವವರಿಗಂತೂ ಕಾಪಿಯ ಗೋಜೇ ಇಲ್ಲ, ಇದ್ದಲ್ಲೇ ಬಳಸಬಹುದು. ಆದರೆ ನನ್ನ ಅಳತೆಯಲ್ಲಿ ಇದಕ್ಕೆ ಒಂದು ಅಂಕ ಕಮ್ಮಿ. ಡ್ರೈವ್ ಜಾಗ ಬದಲಿಸಿತು, ಫೈಲು ಇನ್ನೂ ಒಂದೇ ಕಡೆ ಇದೆ. ಹಳೇ ಡ್ರೈವ್‌ನ ವಯಸ್ಸೇನೂ ಕಮ್ಮಿಯಾಗಲಿಲ್ಲ. ಮುಖ್ಯವಾದದ್ದರ ಇನ್ನೊಂದು ಪ್ರತಿ ಮಾಡಿಟ್ಟುಕೊಂಡೇ ಬಿಚ್ಚಿ.

ಇದರಲ್ಲಿ ಜನ ಎಡವುವ ಜಾಗ ಬೂಟ್ ಆಗುವ ಸರದಿ. ಹಳೆಯದರಲ್ಲೂ ವಿಂಡೋಸ್ ಇದ್ದರೆ ಹೊಸ ಕಂಪ್ಯೂಟರ್ ಅದನ್ನೇ ಎತ್ತಿಕೊಳ್ಳಬಹುದು. ಯುಇಎಫ್‌ಐ ಸೆಟಪ್‌ನಲ್ಲಿ (ಕಂಪ್ಯೂಟರ್ ಆನ್ ಆಗುತ್ತಿದ್ದಂತೆ, ವಿಂಡೋಸ್‌ಗಿಂತ ಮೊದಲು ಓಡುವ ತಂತ್ರಾಂಶದ ಸೆಟ್ಟಿಂಗ್) ಹೊಸ ಡ್ರೈವನ್ನು ಮೊದಲು ಇಡಿ. ಹೊಸ ಡ್ರೈವ್‌ಗೆ ವಿಂಡೋಸ್ ಹಾಕುವಾಗ ಹಳೆಯದರ ಕೇಬಲ್ ತೆಗೆದಿರಿ. ಎರಡೂ ಇದ್ದರೆ ಬೂಟ್ ಫೈಲುಗಳನ್ನು ವಿಂಡೋಸ್ ಹಳೆಯದರ ಮೇಲೆ ಬರೆಯುವುದುಂಟು. ಆರು ತಿಂಗಳ ನಂತರ 'ಇದಿನ್ನು ಬೇಡ' ಅಂತ ಹಳೆಯದನ್ನು ತೆಗೆದರೆ ಹೊಸದು ಏಳುವುದೇ ಇಲ್ಲ.

ಹಳೇ ಯಂತ್ರದಲ್ಲಿ ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದ್ದರೆ (ಎರಡೂ ಒಂದೇ ಡಿಸ್ಕಿನ ಹಾಗೆ ಕೆಲಸ ಮಾಡುವ ಜೋಡಣೆ), ಅಥವಾ ಹಾರ್ಡ್‌ಡಿಸ್ಕಿನ ವೇಗ ಹೆಚ್ಚಿಸುವ ಇಂಟೆಲ್ ಆಪ್ಟೇನ್ ಜೋಡಿಸಿದ್ದರೆ, ಬಿಚ್ಚುವ ಮೊದಲು ಆ ಜೋಡಿ ಬಿಡಿಸಬೇಕು. ಒಂದನ್ನು ಮಾತ್ರ ಹೊತ್ತೊಯ್ದರೆ ಅರ್ಧ ಕಥೆ ಅಷ್ಟೇ.

ಕ್ಲೋನ್

ಕ್ಲೋನ್ ಮೇಲೆ ನನಗೆ ಸ್ವಲ್ಪ ಕೋಪ ಇದೆ, ಮೊದಲೇ ಹೇಳಿಬಿಡುತ್ತೇನೆ. ಎರಡು ಡ್ರೈವ್ ಸಿಕ್ಕಿಸಿ ಬಟನ್ ಒತ್ತಿದರೆ ಕಂಪ್ಯೂಟರ್ ಇಲ್ಲದೆಯೇ ಕ್ಲೋನ್ ಮಾಡುವ ಡಾಕ್‌ಗಳಿವೆ. ಒಂದು ಕಿಂಡಿ ಮೂಲಕ್ಕೆ, ಇನ್ನೊಂದು ಗುರಿಗೆ. ನಾನು ಒಮ್ಮೆ ಉಲ್ಟಾ ಸಿಕ್ಕಿಸಿದೆ. ಖಾಲಿ ಡ್ರೈವ್‌ನ ಖಾಲಿತನ ಬಹಳ ನಿಷ್ಠೆಯಿಂದ ಹಳೇ ಡ್ರೈವ್ ಮೇಲೆ ಕಾಪಿ ಆಗತೊಡಗಿತು. ಅರ್ಥವಾಗಿ ಕಿತ್ತುಹಾಕುವಷ್ಟರಲ್ಲಿ ಪಾರ್ಟಿಷನ್ ಪಟ್ಟಿಯೇ ಇರಲಿಲ್ಲ. ಹಿಂದಿನ ರಾತ್ರಿ ಫೋಟೊಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿಟ್ಟಿದ್ದೆ, ಬಚಾವಾದೆ. ಡಾಕ್‌ನ ತಪ್ಪಲ್ಲ, ನನ್ನದೇ. ಆದರೆ ಒಂದು ಕೈತಪ್ಪಿಗೆ ಎಲ್ಲವೂ ಹೋಗುವ ಅಪಾಯ ಈ ಐದರಲ್ಲಿ ಇದಕ್ಕೇ ಜಾಸ್ತಿ.

ಹಾಗಂತ ಕ್ಲೋನ್‌ಗೆ ಜಾಗವೇ ಇಲ್ಲ ಅಂತಲ್ಲ. ಕಂಪ್ಯೂಟರ್ ಅದೇ ಇದ್ದು ಡ್ರೈವ್ ಮಾತ್ರ ಬದಲಿಸುವಾಗ, ಹಾರ್ಡ್‌ಡಿಸ್ಕಿನಿಂದ ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿಗೆ ಹೋಗುವಾಗ, ಇದಕ್ಕಿಂತ ಸುಖ ಇನ್ನೊಂದಿಲ್ಲ. ಕ್ಲೋನ್‌ಜಿಲ್ಲಾ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಗುರಿಯ ಡ್ರೈವ್ ಮೂಲದಷ್ಟೇ ದೊಡ್ಡದು ಅಥವಾ ಜಾಸ್ತಿ ಇರಲಿ. ಎರಡರ ಮಾದರಿ ಮತ್ತು ಸೀರಿಯಲ್ ನಂಬರ್ ಕಾಗದದ ಮೇಲೆ ಬರೆದುಕೊಂಡು, ಒತ್ತುವ ಮೊದಲು ಹೋಲಿಸಿ. ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಹಾಕಿ ಆನ್ ಮಾಡಬೇಡಿ. ಗುರುತಿನ ಸಂಖ್ಯೆ ಎರಡಕ್ಕೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ.

ಹೊಸ ಕಂಪ್ಯೂಟರಿಗೆ ಹೋಗುವಾಗ ಮಾತ್ರ ಕ್ಲೋನ್ ನನಗೆ ಒಪ್ಪಿಗೆಯಿಲ್ಲ. ಹಳೇ ಡ್ರೈವರ್‌ಗಳು, ಹಳೇ ಕಸ, ಹಳೇ ದೋಷ ಎಲ್ಲ ಜೊತೆಗೇ ಬರುತ್ತವೆ. ಡ್ರೈವ್ ಸಾಯುತ್ತಿದ್ದರಂತೂ ಮಾಮೂಲಿ ಕ್ಲೋನ್ ಕೆಟ್ಟ ಜಾಗದಲ್ಲೇ ಹಟ ಹಿಡಿದು ಅದನ್ನು ಇನ್ನಷ್ಟು ದಣಿಸುತ್ತದೆ. ಅಂಥಲ್ಲಿ ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಬೇಕು. ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟವುಗಳ ಹತ್ತಿರ ಕೊನೆಗೆ ಬರುತ್ತದೆ.

ಹಳೇ ಡ್ರೈವ್‌ನಿಂದಲೇ ಬೂಟ್

ಲಿನಕ್ಸ್ ಆದರೆ ಬಹಳ ಸಲ ಏನೂ ಆಗದ ಹಾಗೆ ಎದ್ದು ನಿಲ್ಲುತ್ತದೆ. ವಿಂಡೋಸ್ 10, 11 ಕೂಡ ಮೊದಲಿನಷ್ಟು ಮುನಿಸಿಕೊಳ್ಳುವುದಿಲ್ಲ. ಆದರೆ ಹಳೆಯದು ಎಂಬಿಆರ್ ಡಿಸ್ಕ್ (ಹಳೇ ರೀತಿಯ ಪಾರ್ಟಿಷನ್ ಪಟ್ಟಿ ಇರುವಂಥದ್ದು) ಆಗಿದ್ದು, ಹೊಸ ಕಂಪ್ಯೂಟರ್ ಯುಇಎಫ್‌ಐ ಮಾತ್ರ ಒಪ್ಪುವಂಥದ್ದಾದರೆ ಏಳುವುದಿಲ್ಲ. ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಆ ಯಂತ್ರಕ್ಕೇ ಸೇರಿದ್ದು, ಜೊತೆಗೆ ಬರುವುದಿಲ್ಲ. ಹಳೆಯದರಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇಷ್ಟು ಪಾಡು ಪಟ್ಟು ಅದನ್ನೇ ಹೊಸ ಯಂತ್ರಕ್ಕೆ ಯಾಕೆ ತರಬೇಕು?

ಎಲ್ಲ ಬಂತಾ ಅಂತ ನೋಡುವುದು

ಯಾವ ದಾರಿಯಲ್ಲಿ ಬಂದರೂ ಇದನ್ನು ಬಿಡಬೇಡಿ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ. ಆಮೇಲೆ ಅಲ್ಲೊಂದು ಇಲ್ಲೊಂದು ತೆರೆದು ನೋಡಿ. ಹಳೇ ವಿಡಿಯೊ ಆದರೆ ಕೊನೆಯವರೆಗೆ ಓಡಿಸಿ, ಜಿಪ್ ಆದರೆ ಬಿಚ್ಚಿ ನೋಡಿ.

ಮರೆತುಹೋಗುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಅಲ್ಲ, ಅಡಗಿರುವ ಫೋಲ್ಡರುಗಳು. ಆಪ್‌ಡೇಟಾ ಅನ್ನುವ ಅಡಗಿದ ಫೋಲ್ಡರಿನಲ್ಲಿ ಬ್ರೌಸರಿನ ಬುಕ್‌ಮಾರ್ಕ್, ಕೆಲವು ಮೇಲ್ ತಂತ್ರಾಂಶಗಳ ಪೆಟ್ಟಿಗೆ ಎಲ್ಲ ಇರುತ್ತವೆ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮಾತ್ರ ಆ ಫೋಲ್ಡರ್ ಕಾಪಿ ಮಾಡಿದರೂ ತೆರೆಯುವುದಿಲ್ಲ. ಅವು ಹಳೇ ವಿಂಡೋಸ್ ಬಳಕೆದಾರನಿಗೆ ಕಟ್ಟಿಹಾಕಿದ್ದು. ಸಿಂಕ್ ಮಾಡಿ, ಅಥವಾ ಹಳೆಯದು ಓಡುತ್ತಿರುವಾಗಲೇ ಎಕ್ಸ್‌ಪೋರ್ಟ್ ಮಾಡಿ. ಹಳೇ ಕಂಪ್ಯೂಟರನ್ನು ಬೇಗ ಬಿಚ್ಚಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಇಷ್ಟಾದ ಮೇಲೆ ಹಳೇ ಡ್ರೈವ್ ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ ಪಕ್ಕಕ್ಕಿಡಿ. ಒಂದು ತಿಂಗಳಾದರೂ ಅಳಿಸಬೇಡಿ. 'ಆ ಫೈಲ್ ಎಲ್ಲಿ?' ಅನ್ನುವ ಪ್ರಶ್ನೆ ಮೂರನೇ ವಾರದಲ್ಲೇ ಬರುವುದು. ಯಾರಿಗಾದರೂ ಕೊಡುವುದಿದ್ದರೆ ಬರೀ ಕ್ವಿಕ್ ಫಾರ್ಮ್ಯಾಟ್ ಸಾಲದು. ಹಾರ್ಡ್‌ಡಿಸ್ಕ್ ಆದರೆ ಪೂರ್ತಿ ಫಾರ್ಮ್ಯಾಟ್ ಕೊಡಿ, ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಎಸ್‌ಎಸ್‌ಡಿ ಆದರೆ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಬಳಸಿ. ಅದನ್ನು ಒತ್ತುವಾಗ ಹೊಸ ಡ್ರೈವ್‌ನ ಬದಲು ಹಳೆಯದನ್ನೇ ಆರಿಸಿದ್ದೀರಾ ಅಂತ ಸೀರಿಯಲ್ ನಂಬರ್ ಇನ್ನೊಮ್ಮೆ ನೋಡಿ.